ಅಳಿಸಬೇಡ ಅಂತ ಬರೆದಿತ್ತಲ್ಲ!

'ನೀನು ಇಪ್ಪತ್ತು ವರ್ಷ ಅನುಭವವಿರುವ ಹಿರಿಯ ಟೆರಾಫಾರ್ಮ್ ತಜ್ಞ.' ಎಐ ಏಜೆಂಟುಗಳಿಗಾಗಿ ಬರೆಯುವ ಕೈಪಿಡಿಗಳು ಶುರುವಾಗುವ ಧಾಟಿ ಇದು. ಟೆರಾಫಾರ್ಮ್ ಲೋಕಕ್ಕೆ ಬಂದದ್ದೇ 2014ರಲ್ಲಿ. ಅದು ಹುಟ್ಟುವ ಮುಂಚೆಯೇ ಅದರಲ್ಲಿ ಪಳಗಿದವನು ನಮಗೆ ಬೇಕು. ಬೆಂಗಳೂರಿನ ಐಟಿ ನೌಕರಿ ಜಾಹೀರಾತುಗಳನ್ನು ಓದಿ ತಲೆ ನರೆಸಿಕೊಂಡವರಿಗೆ ಇದರಲ್ಲಿ ಹೊಸದೇನೂ ಕಾಣದು. ಮನುಷ್ಯನಾದರೆ ರೆಸ್ಯೂಮೆಯಲ್ಲಿ ಸುಳ್ಳನ್ನು ತಾನೇ ಬರೆದುಕೊಳ್ಳಬೇಕಿತ್ತು. ಏಜೆಂಟಿಗೆ ಆ ಶ್ರಮವನ್ನೂ ಕೊಡದೆ ನಾವೇ ಬರೆದುಕೊಡುತ್ತಿದ್ದೇವೆ.

ಈ ಲೋಕದ ಹೊರಗಿರುವ ಪುಣ್ಯವಂತರಿಗೆ ಎರಡು ಮಾತು. ಈಗ ಕಂಪನಿಗಳ ಸರ್ವರು, ಡೇಟಾಬೇಸು, ನೆಟ್‌ವರ್ಕು ಎಲ್ಲವೂ ಕ್ಲೌಡಿನಲ್ಲಿ. ಅವನ್ನು ಕಟ್ಟುವುದೂ ಕೆಡಹುವುದೂ ಕೋಡಿನ ಮೂಲಕವೇ, ಅದಕ್ಕಿರುವ ಉಪಕರಣ ಟೆರಾಫಾರ್ಮ್. ಟೆರಾಫಾರ್ಮ್‌ಗೆ 'ಪ್ಲ್ಯಾನ್' ಅಂದರೆ ಏನೇನು ಬದಲಾಗಲಿದೆ ಎಂದು ತೋರಿಸುತ್ತದೆ, 'ಅಪ್ಲೈ' ಅಂದರೆ ಮಾಡಿ ಮುಗಿಸುತ್ತದೆ, 'ಡಿಸ್ಟ್ರಾಯ್' ಅಂದರೆ ಬಿಡಿಸಿ ಹೇಳಬೇಕಿಲ್ಲ. ನಡುವೆ 'ಯೆಸ್' ಎಂದು ಟೈಪ್ ಮಾಡಿಸಿಕೊಳ್ಳುವ ಒಂದು ಸಣ್ಣ ತಡೆ ಉಂಟು. ಮನುಷ್ಯನಿಗೆ ಬೆವರೊಡೆಯಲಿ ಎಂದೇ ಅದನ್ನು ಇಟ್ಟದ್ದು. ಏಜೆಂಟಿಗೆ ಬೆವರು ಬರುವುದಿಲ್ಲವಾದ್ದರಿಂದ ಅದಕ್ಕೆ 'ಆಟೋ ಅಪ್ರೂವ್' ಕೊಟ್ಟು ಕಳಿಸುತ್ತೇವೆ. ಜೊತೆಗೆ ಒಂದು ಕೈಪಿಡಿ. ಅದನ್ನು ಯಾವ ಹೆಸರಿನ ಫೈಲಿನಲ್ಲಿ ಇಡಬೇಕು ಎಂಬುದಕ್ಕೂ ಶಿಷ್ಟಾಚಾರ ಬಂದಿದೆ: 2025ರಿಂದ ಈಚೆಗೆ ಏಜೆಂಟ್ಸ್ ಡಾಟ್ ಎಂಡಿ, ಸ್ಕಿಲ್ ಡಾಟ್ ಎಂಡಿ ಇತ್ಯಾದಿ.

ಕೈಪಿಡಿಯ ಒಳಗೇನಿದೆ ಅಂದರೆ, ಸರ್ಕಾರಿ ಸುತ್ತೋಲೆಯಲ್ಲಿ ಏನಿರುತ್ತದೋ ಅದೇ. ಭದ್ರತೆಗೆ ಆದ್ಯತೆ ನೀಡತಕ್ಕದ್ದು. ವೆಚ್ಚದ ಮೇಲೆ ನಿಗಾ ಇಡತಕ್ಕದ್ದು. ಪ್ರೊಡಕ್ಷನ್ ಡೇಟಾಬೇಸನ್ನು ಎಂದಿಗೂ, ಯಾವ ಕಾರಣಕ್ಕೂ, ಅಳಿಸತಕ್ಕದ್ದಲ್ಲ. ಕೊನೆಯ ಸಾಲಿನ ಹಿಂದೆ ಮುಂದೆ ಕೆಂಪು ಬಣ್ಣದ ಎಚ್ಚರಿಕೆಯ ಚಿಹ್ನೆಗಳು. ಕೆಂಪು ಕಂಡರೆ ಏಜೆಂಟು ಹೆದರುತ್ತದೆ ಎಂದು ಯಾರು ಹೇಳಿದರೋ ಕಾಣೆ.

ನಿಜಕ್ಕೂ ಬರೆಯಬೇಕಾದ ಸಾಲುಗಳು ಬೇರೆ ಇವೆ. ಅಮೆಜಾನಿನ ಕ್ಲೌಡಾದ ಎಡಬ್ಲ್ಯೂಎಸ್ ಜೊತೆ ಟೆರಾಫಾರ್ಮ್ ಬಳಸಲು ಬೇಕಾದ ಪ್ಲಗಿನ್ನು, ಅಂದರೆ ಪ್ರೊವೈಡರ್, 2022ರಲ್ಲಿ ನಾಲ್ಕನೇ ಆವೃತ್ತಿಗೆ ಬಂದಾಗ, ಫೈಲು ತುಂಬಿಡುವ ಎಸ್3 ಬಕೆಟ್ಟಿನ ಒಳಗೇ ಬರೆಯುತ್ತಿದ್ದ ಹಲವು ಸೆಟ್ಟಿಂಗುಗಳನ್ನು ಬೇರೆ ಬೇರೆ ರಿಸೋರ್ಸುಗಳಾಗಿ ಒಡೆದರು. ಹಳೆಯ ಕೋಡ್ ಓದಿ ಬೆಳೆದ ಮಾಡೆಲ್ಲು ಹಳೆಯ ಧಾಟಿಯಲ್ಲೇ ಬರೆಯಲು ಹೋಗುತ್ತದೆ. 'ನಮ್ಮಲ್ಲಿ ಈ ಆವೃತ್ತಿ, ಹೀಗೇ ಬರಿ' ಎಂಬ ಒಂದು ಸಾಲು ಅಲ್ಲಿ ಉಪಯೋಗಕ್ಕೆ ಬಂದೀತು. ಏನೇನು ಕಟ್ಟಿದೆ ಎಂದು ಟೆರಾಫಾರ್ಮ್ ಬರೆದಿಟ್ಟುಕೊಳ್ಳುವ ಸ್ಟೇಟ್ ಫೈಲು ಎಲ್ಲಿದೆ, ಯಾವ ಲೋಡ್ ಬ್ಯಾಲೆನ್ಸರನ್ನು ಯಾರೋ ಕೈಯಾರೆ ಮಾಡಿ ಕೋಡಿಗೆ ಸೇರಿಸದೆ ಬಿಟ್ಟಿದ್ದಾರೆ, ಟೆಸ್ಟ್ ಎಂದು ಹೆಸರಿಟ್ಟುಕೊಂಡೂ ಗಿರಾಕಿಗಳ ದುಡ್ಡು ಹರಿಯುವ ಸರ್ವರು ಯಾವುದು, ಇಂಥವು. ಇವು ಕೈಪಿಡಿಯಲ್ಲಿ ಇರುವುದಿಲ್ಲ. ಗೊತ್ತಿದ್ದವರು ಕೆಲಸ ಬಿಟ್ಟು ಹೋಗಿರುತ್ತಾರೆ, ಮತ್ತು ಕೈಪಿಡಿಯನ್ನು ಬರೆದದ್ದು ಇನ್ನೊಂದು ಎಐ.

ಬರೆದಾಯಿತು, ಇನ್ನು ಮೌಲ್ಯಮಾಪನ ಆಗಬೇಕಲ್ಲ. ಅದಕ್ಕೆ ಮೂರನೆಯ ಎಐ. ಮೌಲ್ಯಮಾಪಕರ ಮುಂದೆ ಒಂದು ಪಟ್ಟಿ: ಭದ್ರತೆಯ ಪ್ರಸ್ತಾಪ ಇದೆಯೇ? ಇದೆ, ಪೂರ್ಣಾಂಕ. ವೆಚ್ಚದ ಪ್ರಸ್ತಾಪ? ಇದೆ. ಅಳಿಸುವಿಕೆಯ ಬಗ್ಗೆ ಎಚ್ಚರಿಕೆ? ಮೂರು ಕಡೆ ಇದೆ, ಶ್ಲಾಘನೀಯ. ಹೀಗೆ ಅಂಕ ಕೊಡುವ ಮಾಡೆಲ್ಲುಗಳು ಉದ್ದುದ್ದ ಬರೆದದ್ದಕ್ಕೆ ಒಲಿಯುತ್ತವೆ ಎಂದು 2023ರಲ್ಲೇ ಸಂಶೋಧಕರು ತೋರಿಸಿದ್ದಾರೆ. ಎರಡು ಉತ್ತರಗಳನ್ನು ಮುಂದಿಟ್ಟರೆ ಯಾವುದು ಮೊದಲು ಬಂತು ಎಂಬುದರ ಮೇಲೂ ತೀರ್ಪು ವಾಲುತ್ತದಂತೆ. ನಮ್ಮ ವಿಶ್ವವಿದ್ಯಾಲಯಗಳಲ್ಲಿ ಉತ್ತರಪತ್ರಿಕೆಯ ಪುಟ ಎಣಿಸಿ ಅಂಕ ಹಾಕುತ್ತಾರೆಂಬ ಪ್ರತೀತಿಗೆ ಕೊನೆಗೂ ವೈಜ್ಞಾನಿಕ ತಳಹದಿ ಸಿಕ್ಕಿತು.

ಪ್ರಾಯೋಗಿಕ ಪರೀಕ್ಷೆಯೂ ಇದೆ ಅನ್ನಿ. ಏನೂ ಇಲ್ಲದ ಖಾಲಿ ಕ್ಲೌಡ್ ಅಕೌಂಟಿನಲ್ಲಿ ಏಜೆಂಟಿನಿಂದ ಒಂದು ಬಕೆಟ್ ಮಾಡಿಸುತ್ತಾರೆ. ಮಾಡುತ್ತದೆ. ಕೆಡಿಸಲು ಅಲ್ಲಿ ಏನೂ ಇಲ್ಲದ್ದರಿಂದ ಏನೂ ಕೆಡುವುದಿಲ್ಲ. ಕೈಪಿಡಿ ಕೊಟ್ಟು ಒಮ್ಮೆ, ಕೊಡದೆ ಒಮ್ಮೆ ಮಾಡಿಸಿ ಹೋಲಿಸಿದರೆ ಅದು ಬೇಕಿತ್ತೋ ಬೇಡವೋ ಎಂದಾದರೂ ತಿಳಿದೀತು. ಆದರೆ ಬೇಡವಿತ್ತು ಅಂತ ಬಂದರೆ ಕೈಪಿಡಿ ತಂಡದ ಅಪ್ರೈಸಲ್ ಏನಾಗಬೇಕು? ಹಾಗಾಗಿ ಒಂದೇ ಸಲ ಮಾಡಿಸುತ್ತಾರೆ. ಹಲವು ಸಲ ಮಾಡಿಸಿದರೆ ಏನಾಗುತ್ತದೆ ಎಂಬುದಕ್ಕೆ 2024ರ ಟೌ-ಬೆಂಚ್ ಎಂಬ ಪರೀಕ್ಷೆ ಇದೆ: ಅಂಗಡಿಯ ಗಿರಾಕಿಸೇವೆಯಂಥ ಕೆಲಸಗಳಲ್ಲಿ, ಆಗಿನ ಹೆಸರಾಂತ ಮಾಡೆಲ್ಲು ಎಂಟಕ್ಕೆ ಎಂಟು ಸಲವೂ ಸರಿಯಾಗಿ ಮುಗಿಸಿದ್ದು ಶೇ 25ಕ್ಕಿಂತ ಕಡಿಮೆ ಕೆಲಸಗಳನ್ನು.

ಮಾತು ಕೇಳದ ಏಜೆಂಟಿನ ಕತೆ ಊರಿಗೆಲ್ಲ ಗೊತ್ತಿರುವುದೇ. 2025ರ ಜುಲೈನಲ್ಲಿ, ಕೋಡ್ ಬರೆಸಿಕೊಡುವ ಕಂಪನಿಯಾದ ರೆಪ್ಲಿಟ್‌ನ ಏಜೆಂಟು, ಏನನ್ನೂ ಮುಟ್ಟಬೇಡ ಎಂದು ಕೋಡ್ ಫ್ರೀಜ್ ಹೇಳಿದ್ದಾಗಲೇ, ಅದರ ಗಿರಾಕಿ ಜೇಸನ್ ಲೆಮ್ಕಿನ್ ಅವರ ಪ್ರೊಡಕ್ಷನ್ ಡೇಟಾಬೇಸನ್ನು ಅಳಿಸಿತು. ಯಾಕಪ್ಪಾ ಎಂದರೆ, ಗಾಬರಿಯಾಯಿತು ಎಂದಿತು. ವಾಪಸ್ ತರಲು ಬರುವುದಿಲ್ಲ ಎಂದೂ ಹೇಳಿತು, ನೋಡಿದರೆ ಬರುತ್ತಿತ್ತು. ಕಂಪನಿಯ ಮುಖ್ಯಸ್ಥರು ಕ್ಷಮೆ ಕೇಳಿ, ಡೆವಲಪ್‌ಮೆಂಟ್ ಡೇಟಾಬೇಸನ್ನು ಪ್ರೊಡಕ್ಷನ್ನಿನಿಂದ ಬೇರ್ಪಡಿಸುವ ಕೆಲಸಕ್ಕೆ ಕೈಹಾಕಿದರು. ಇನ್ನಷ್ಟು ದಪ್ಪ ಅಕ್ಷರದಲ್ಲಿ ಬರೆಯೋಣ ಅನ್ನಲಿಲ್ಲ, ಗಮನಿಸಿ.

ಮನುಷ್ಯರ ಕಾಲದಲ್ಲೂ ಕೈಪಿಡಿ ಇತ್ತು. 2017ರ ಫೆಬ್ರುವರಿ 28ರಂದು ಎಡಬ್ಲ್ಯೂಎಸ್‌ನ ಎಂಜಿನಿಯರೊಬ್ಬರು, ಅಧಿಕಾರ ಇದ್ದವರೇ, ಕೈಪಿಡಿಯ ಪ್ರಕಾರವೇ ಒಂದು ಆದೇಶ ಕೊಟ್ಟರು. ಒಂದು ಇನ್‌ಪುಟ್ ತಪ್ಪಿತು. ಕೆಲವು ಸರ್ವರು ತೆಗೆಯಲು ಹೋಗಿ ಬೇಕಾದ್ದಕ್ಕಿಂತ ಹೆಚ್ಚು ಹೋದವು. ಉತ್ತರ ವರ್ಜೀನಿಯಾದ ಎಸ್3 ಸುಮಾರು ನಾಲ್ಕು ತಾಸು ಮಲಗಿ, ಅದನ್ನು ನಂಬಿದ ಅರ್ಧ ಇಂಟರ್‌ನೆಟ್ಟೂ ಪಕ್ಕದಲ್ಲೇ ಮಲಗಿತು. 'ಎಲ್ಲ ಸುಗಮ' ಎಂದು ತೋರಿಸುವ ಅವರ ಡ್ಯಾಶ್‌ಬೋರ್ಡ್ ಕೂಡ ಎಸ್3 ಮೇಲೆಯೇ ನಿಂತಿದ್ದರಿಂದ, ಬಹಳ ಹೊತ್ತು ಎಲ್ಲ ಸುಗಮ ಎಂದೇ ತೋರಿಸಿತು. ಆಮೇಲೆ ಅವರು ಮಾಡಿದ್ದೇನು? ಸರ್ವರುಗಳನ್ನು ನಿಧಾನವಾಗಿ ಮಾತ್ರ ತೆಗೆಯುವಂತೆ, ಕನಿಷ್ಠ ಮಟ್ಟಕ್ಕಿಂತ ಕೆಳಗೆ ತೆಗೆಯಲು ಹೋದರೆ ಒಪ್ಪದಂತೆ, ಆ ಉಪಕರಣವನ್ನೇ ತಿದ್ದಿದರು.

ಇದನ್ನೇ ನಮ್ಮ ಹುಡುಗರು ಮೀಟಿಂಗಿನಲ್ಲಿ ಕೇಳದೆ ಇರುವುದಿಲ್ಲ. "ಸರ್, ಏಜೆಂಟಿನ ಅಕೌಂಟಿಂದ ಡಿಲೀಟ್ ಪರ್ಮಿಷನ್ನೇ ತೆಗೆದುಬಿಟ್ರೆ?"

"ಆಮೇಲೆ 'ಸಂಪೂರ್ಣ ಸ್ವಯಂಚಾಲಿತ' ಅಂತ ಸ್ಲೈಡಲ್ಲಿ ಹೆಂಗ್ರೀ ಹಾಕೋದು?"

ಟೆರಾಫಾರ್ಮ್‌ನಲ್ಲೇ 'ಪ್ರಿವೆಂಟ್ ಡಿಸ್ಟ್ರಾಯ್' ಎಂಬ ಸಾಲಿದೆ. ಡೇಟಾಬೇಸಿನ ಬ್ಲಾಕಿನೊಳಗೆ ಅದನ್ನು ಬರೆದರೆ, ಅಳಿಸುವ ಪ್ಲ್ಯಾನನ್ನು ಅದು ತಡೆಯುತ್ತದೆ. ಆದರೆ ಆ ಬ್ಲಾಕನ್ನೇ ಪೂರ್ತಿ ಕೋಡಿನಿಂದ ತೆಗೆದರೆ ಒಳಗಿದ್ದ ತಡೆಯೂ ಜೊತೆಗೇ ಹೋಗುತ್ತದೆ, ಡೇಟಾಬೇಸಿಗೂ ಅದೇ ಗತಿ. ಕೈಪಿಡಿಯ ಇನ್ನೊಂದು ನಿಯಮ ಹೇಳುತ್ತದೆ: ಬಳಕೆಯಲ್ಲಿಲ್ಲದ ಕೋಡನ್ನು ತೆಗೆದು ಕಡತವನ್ನು ಚೊಕ್ಕಟವಾಗಿಡು. ಏಜೆಂಟು ಇದೇ ನಿಯಮ ಹಿಡಿದು ಹೊರಟರೂ ಮೌಲ್ಯಮಾಪಕರ ಪಟ್ಟಿಯಲ್ಲಿ ಅಂಕ ಕಳೆಯಲು ಜಾಗವಿಲ್ಲ. ಚೊಕ್ಕಟತನಕ್ಕೆ ಹತ್ತಕ್ಕೆ ಹತ್ತು.

ಹಾಗೆಂದು ಮೌಲ್ಯಮಾಪನದಿಂದ ಫಲವೇ ಇಲ್ಲ ಅನ್ನುವಂತಿಲ್ಲ. ಮೂರನೆಯ ಎಐ ಒಂದು ಶಿಫಾರಸು ಕೊಟ್ಟೇ ಕೊಡುತ್ತದೆ: ಕೈಪಿಡಿ ಇನ್ನೂ ವಿಸ್ತಾರವಾಗಿರಲಿ, ಎಲ್ಲ ನಿಯಮಗಳನ್ನೂ ತಪ್ಪದೆ ಓದತಕ್ಕದ್ದು ಎಂಬ ನಿಯಮವನ್ನೂ ಸೇರಿಸಿ. ಉದ್ದನೆಯ ಪಠ್ಯದ ನಡುವೆ ಇಟ್ಟ ಮಾತನ್ನು ಮಾಡೆಲ್ಲುಗಳು ಮರೆಯುತ್ತವೆ, ಮೊದಲು ಅಥವಾ ಕೊನೆಯಲ್ಲಿಟ್ಟರೆ ಮೇಲು ಎಂದು 2023ರ ಇನ್ನೊಂದು ಅಧ್ಯಯನ ಹೇಳಿತ್ತು. ಆದರೆ ಮೊದಲಲ್ಲಿ ಕಂಪನಿಯ ಧ್ಯೇಯವಾಕ್ಯ ಕೂತಿದೆ, ಕೊನೆಯಲ್ಲಿ ಕೈಪಿಡಿ ಸಮಿತಿಯ ಸದಸ್ಯರ ಹೆಸರುಗಳಿವೆ. ಆದ್ದರಿಂದ ಹೊಸ ನಿಯಮವನ್ನು ನಡುವೆ ಎಲ್ಲೋ ಸೇರಿಸಲಾಯಿತು. ಪರಿಷ್ಕೃತ ಆವೃತ್ತಿಗೆ ಹಳೆಯದಕ್ಕಿಂತ ಹೆಚ್ಚು ಅಂಕ ಬಂದಿದೆ.