ಜೋಡಿಯಾಗಿ ಜಪಾನಿಗೆ

ಮದುವೆಯಾಗಿ ಇಪ್ಪತ್ತೈದು ವರ್ಷ ತುಂಬಿದ ಕನ್ನಡಿಗರಿಗೆ ಬೇ ಏರಿಯಾದಲ್ಲಿ ಇರುವುದು ಮೂರೇ ದಾರಿ. ಸತ್ಯನಾರಾಯಣ ಪೂಜೆ ಮಾಡಿಸಿ ನೂರು ಜನಕ್ಕೆ ಊಟ ಹಾಕಬೇಕು. ಇಲ್ಲವೇ ಅಲಾಸ್ಕಾ ಕ್ರೂಸಿಗೆ ಹೋಗಿ, ಹಿಮಗಡ್ಡೆಯ ಮುಂದೆ ರೇಷ್ಮೆ ಸೀರೆಯಲ್ಲಿ ನಡುಗುತ್ತ ಫೋಟೋ ತೆಗೆಸಿಕೊಳ್ಳಬೇಕು. ಎರಡೂ ಬೇಡವೆಂದರೆ ಹವಾಯಿ. ನಾಲ್ಕನೆಯ ದಾರಿ ತೋರಿಸಿದವಳು ಕಾಲೇಜಿನಲ್ಲಿರುವ ಮಗಳು. "ನೀವಿಬ್ಬರೇ ಜಪಾನಿಗೆ ಹೋಗಿ ಬನ್ನಿ, ತುಂಬಾ ರೊಮ್ಯಾಂಟಿಕ್" ಎಂದು ಫೋನಿನಲ್ಲಿ ಅಪ್ಪಣೆಯಾಯಿತು. ಕಾಗದದ ಬಾಗಿಲು, ಕಲ್ಲಿನ ದೀಪ, ಬಿಸಿನೀರಿನ ಬುಗ್ಗೆ, ಕ್ಯೋಟೊದ ಗಲ್ಲಿಯಲ್ಲಿ ಕಿಮೋನೊ ತೊಟ್ಟು ನಡೆಯುವ ಜೋಡಿ, ಹೀಗೆ ಚಿತ್ರದ ಮೇಲೆ ಚಿತ್ರ ಕಳಿಸಿದಳು. ನಾನು ಕರಗಿದೆ. ಇವರು ಲ್ಯಾಪ್‌ಟಾಪ್ ತೆರೆದು ಎಕ್ಸೆಲ್ ಹಾಳೆ ಶುರುಮಾಡಿದರು. ನಮ್ಮ ಮನೆಯಲ್ಲಿ ಪ್ರಣಯಕ್ಕೆ ಮೊದಲ ಕಾಲಮ್ಮು ಖರ್ಚಿನದು.

ಹಾಳೆ ತುಂಬುತ್ತ ಹೋದ ಹಾಗೆ ಒಂದು ಅನುಮಾನ ನನಗೆ ಗಟ್ಟಿಯಾಯಿತು. ಗಂಡಹೆಂಡಿರನ್ನು ನಯವಾಗಿ ಬೇರೆ ಬೇರೆ ಇಡುವುದರಲ್ಲಿ ಜಪಾನ್ ನಮ್ಮ ಅಗ್ರಹಾರದ ಅಜ್ಜಿಯರನ್ನೂ ಮೀರಿಸಿದ ದೇಶ.

ರ್‍ಯೋಕಾನ್ ಎಂಬ ಅಲ್ಲಿನ ಹಳೇ ಪದ್ಧತಿಯ ಛತ್ರವನ್ನೇ ನೋಡಿ. ಚಾಪೆ ಹಾಸಿದ ಕೋಣೆ, ಮಂಚವಿಲ್ಲ. ನಾವು ಊಟ ಮುಗಿಸುವ ಹೊತ್ತಿಗೆ ಬಂದು ಹಾಸಿಗೆ ಹಾಸಿಕೊಡುತ್ತಾರೆ. ಎರಡು ಹಾಸಿಗೆ, ಒಬ್ಬೊಬ್ಬರಿಗೆ ಒಂದೊಂದು ಹೊದಿಕೆ. ಬಾಡಿಗೆಯೂ ಕೋಣೆಗಲ್ಲ, ತಲೆಗೆ ಇಷ್ಟು ಎಂದು. "ಇಬ್ಬರು ಒಂದೇ ರೂಮಲ್ಲಿದ್ದರೂ ಡಬ್ಬಲ್ ದುಡ್ಡಾ?" ಎಂದು ಇವರು ಹೌಹಾರಿದರೂ, ಹೊದಿಕೆ ಎರಡು ಎಂದು ಕೇಳಿದ ಮೇಲೆ ಮುಖ ಅರಳಿತು. ಕಾಲು ಶತಮಾನದಿಂದ ರಜಾಯಿ ಎಳೆದಾಟದಲ್ಲಿ ಸೋತವರು ಅವರು.

ಬಿಸಿನೀರಿನ ಬುಗ್ಗೆಯ ಕಥೆ ಇನ್ನೂ ಚೆನ್ನ. ಒನ್ಸೆನ್ ಎಂದರೆ ಇಬ್ಬರೂ ನೀರಿಗಿಳಿದು ಫ್ಯೂಜಿ ಪರ್ವತ ನೋಡುವುದು ಎಂದುಕೊಂಡಿದ್ದೆ. ಗಂಡಸರಿಗೆ ನೀಲಿ ಪರದೆ, ಹೆಂಗಸರಿಗೆ ಕೆಂಪು ಪರದೆ. ಒಳಗೆ ಹೋದವರು ಮತ್ತೆ ಹೊರಗೇ ಭೇಟಿ. ನೀರಿಗಿಳಿಯುವಾಗ ಮೈಮೇಲೆ ನೂಲೆಳೆಯೂ ಇರಕೂಡದು. ಮೊದಲು ಗಿಡ್ಡ ಮಣೆಯ ಮೇಲೆ ಕೂತು, ಪುಟ್ಟ ಬಕೆಟ್ಟಿನಲ್ಲಿ ನೀರು ಸುರಿದುಕೊಂಡು, ಸೋಪು ಹಚ್ಚಿ ಉಜ್ಜಿ ತೊಳೆದುಕೊಳ್ಳಬೇಕು. ಪೂರ್ತಿ ಶುಭ್ರವಾದ ಮೇಲಷ್ಟೇ ಕೊಳಕ್ಕೆ ಪ್ರವೇಶ. ಆರು ತಿಂಗಳಿಗೆಂದು ಮೈಸೂರಿನಿಂದ ಬಂದಿರುವ ನಮ್ಮತ್ತೆ ಇದಿಷ್ಟನ್ನೂ ಕೇಳಿ, "ಸ್ನಾನ ಮಾಡಿ ಆಮೇಲೆ ಸ್ನಾನಕ್ಕೆ ಹೋಗೋದಾ? ಮಡಿ ಜನ" ಎಂದು ಮೆಚ್ಚಿಕೊಂಡರು. ದಂಪತಿಗಳಿಗೇ ಮೀಸಲಾದ ಖಾಸಗಿ ಕೊಳ ಕೆಲವು ಕಡೆ ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಸಿಗುತ್ತದೆ. ಅದನ್ನು ಎಕ್ಸೆಲ್ಲಿನಲ್ಲಿ ಸೇರಿಸಿದೆ. ಮರುದಿನ ನೋಡಿದರೆ ಆ ಸಾಲಿಗೆ ಹಳದಿ ಬಣ್ಣ ಬಳಿದು ಪಕ್ಕದಲ್ಲಿ "ಅಗತ್ಯವೇ?" ಎಂದು ಷರಾ.

ಅಲ್ಲಿ ತೊಡಲು ಕೊಡುವ ಯುಕಾತಾ ಎಂಬ ಹತ್ತಿ ನಿಲುವಂಗಿಯ ಎಡಭಾಗ ಯಾವಾಗಲೂ ಬಲಭಾಗದ ಮೇಲೆ ಬರಬೇಕಂತೆ. ತಿರುಗಾಮುರುಗಾ ಸುತ್ತುವುದು ಹೆಣಕ್ಕೆ ಮಾತ್ರ. ಇದನ್ನು ನಾನು ಬರೆದಿಟ್ಟುಕೊಳ್ಳುತ್ತಿದ್ದರೆ ಇವರು ತಲೆಯನ್ನೂ ಎತ್ತದೆ, "ಗೊತ್ತಾಯ್ತು ಬಿಡು. ಸವ್ಯ, ಅಪಸವ್ಯ" ಎಂದರು. ತರ್ಪಣಕ್ಕೆ ಕೂತವರಿಗೆ ಜಪಾನ್ ಇಷ್ಟು ಸಲೀಸು!

ತರ್ಪಣದ ಮಾತು ಸುಮ್ಮನೆ ಬರಲಿಲ್ಲ. ನಮ್ಮ ಮದುವೆ ಆಗಿದ್ದು ಶ್ರಾವಣದಲ್ಲಿ, ಆಗಸ್ಟ್ ಕೊನೆಗೆ. ಸೆಪ್ಟೆಂಬರಿನಲ್ಲಿ ಟಿಕೆಟ್ ಅಗ್ಗವೆಂದು ಇವರು ದಿನಾಂಕ ಮುಂದೂಡಿದರು. ಅತ್ತೆ ಪಂಚಾಂಗ ತೆರೆದರು. "ಪಿತೃಪಕ್ಷದಲ್ಲಿ ಯಾರಾದರೂ ಆನಿವರ್ಸರಿ ಮಾಡ್ತಾರೇನೋ?" ಎಂದಾಗ ನನ್ನ ಎದೆ ಧಸಕ್ಕೆಂದಿತು. ಇವರನ್ನು ಕಾಪಾಡಿದ್ದು ಜಪಾನೇ. ಸೆಪ್ಟೆಂಬರಿನಲ್ಲಿ ಹಗಲುರಾತ್ರಿ ಸಮವಾಗುವ ವಾರ ಅಲ್ಲಿ ಹಿಗಾನ್. ಜನ ಸಂಸಾರಸಮೇತ ಹಿರಿಯರ ಸಮಾಧಿಗಳಿಗೆ ಹೋಗಿ, ತೊಳೆದು, ಹೂವಿಟ್ಟು, ಅಕ್ಕಿಯ ಸಿಹಿ ಉಂಡೆ ಇಟ್ಟು ಬರುತ್ತಾರೆ. "ಅವರದ್ದೂ ಪಕ್ಷವೇ ಅಮ್ಮ, ಹೆಚ್ಚುಕಡಿಮೆ ಅದೇ ದಿನಗಳು" ಎಂದರು ಮಗರಾಯರು. ಅತ್ತೆ ಪಂಚಾಂಗ ಮುಚ್ಚಿದರು. ನನ್ನ ಪ್ರಣಯ ಪ್ರವಾಸ ಶ್ರಾದ್ಧದ ವಿನಾಯಿತಿಯ ಮೇಲೆ ಪಾಸಾಯಿತು.

ರೈಲಿನ ಪಾಸಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಏಳು ದಿನದ ಪಾಸು 29,650 ಯೆನ್ ಇದ್ದದ್ದು 2023ರ ಅಕ್ಟೋಬರಿನಲ್ಲಿ 50,000 ಆಯಿತು ಎಂಬ ದುಃಖ ಇವರಿಗೆ ಸ್ವಂತ ಆಸ್ತಿ ಹೋದಷ್ಟಿದೆ. ಟೋಕಿಯೋ-ಕ್ಯೋಟೊ ಬುಲೆಟ್ ರೈಲಿನಲ್ಲಿ ಸೂಟ್‌ಕೇಸಿನ ಉದ್ದ, ಅಗಲ, ಎತ್ತರ ಕೂಡಿ 160 ಸೆಂಟಿಮೀಟರ್ ಮೀರಿದರೆ ಮೊದಲೇ ಜಾಗ ಕಾದಿರಿಸಬೇಕೆಂದು ಓದಿ, ಟೇಪು ಹಿಡಿದು ಅಟ್ಟದ ಪೆಟ್ಟಿಗೆಗಳನ್ನೆಲ್ಲ ಅಳೆದರು. ಒಂದೂ ಪಾಸಾಗಲಿಲ್ಲ. ಎಲ್ಲವೂ ಚಟ್ನಿಪುಡಿ, ಸಾರಿನಪುಡಿ, ಹಪ್ಪಳಗಳ ಬೆಂಗಳೂರು ಪಯಣಕ್ಕೆಂದು ಕೊಂಡವು.

ನಿಜವಾದ ಬಿಕ್ಕಟ್ಟು ಊಟದ್ದು. ನಾವು ಮೀನು, ಮೊಟ್ಟೆ ಮುಟ್ಟದವರು. ಜಪಾನಿನ ಅಡುಗೆಯಲ್ಲಿ ಕಾಣುವ ಮೀನನ್ನು ಪಕ್ಕಕ್ಕಿಡಬಹುದು, ಕಾಣದ್ದನ್ನು ಏನು ಮಾಡುವುದು? ಬೊನಿಟೊ ಎಂಬ ಮೀನನ್ನು ಬೇಯಿಸಿ, ಹೊಗೆಯಾಡಿಸಿ, ಕಟ್ಟಿಗೆಯಷ್ಟು ಗಟ್ಟಿಯಾಗುವ ತನಕ ಒಣಗಿಸಿ, ಬಡಗಿಯ ಉಜ್ಜುಗೊರಡಿನಂಥದ್ದರಲ್ಲಿ ಹೆರೆದು, ಆ ಹೊಟ್ಟನ್ನು ಬಿಸಿನೀರಿಗೆ ಹಾಕಿ ಸೋಸಿದರೆ ದಾಶಿ. ಮಿಸೊ ಸಾರಿಗೆ ಅದೇ, ನೂಡಲ್ಸ್ ಅದ್ದಿಕೊಳ್ಳುವ ರಸಕ್ಕೆ ಅದೇ, ಕುಂಬಳಕಾಯಿ ಬೇಯಿಸುವುದೂ ಅದರಲ್ಲೇ. "ಬರೀ ತರಕಾರಿ" ಎಂದು ನಗುನಗುತ್ತ ತಂದಿಟ್ಟ ಬಟ್ಟಲಲ್ಲೂ ಮತ್ಸ್ಯಾವತಾರ.

ಹುಡುಕುತ್ತ ಹೋಗಿ ಸಿಕ್ಕಿದ್ದು ಕೋಯಾಸಾನ್. ಒಸಾಕಾದಿಂದ ರೈಲು, ಕೊನೆಗೊಂದು ಕೇಬಲ್ ಕಾರು ಹಿಡಿದು ಸುಮಾರು 800 ಮೀಟರ್ ಎತ್ತರದ ಬೆಟ್ಟಕ್ಕೆ ಹೋದರೆ ನೂರಕ್ಕೂ ಹೆಚ್ಚು ದೇವಾಲಯ. 50ರಷ್ಟು ದೇವಾಲಯಗಳಲ್ಲಿ ಯಾತ್ರಿಕರಿಗೆ ವಸತಿ. ಊಟ ಶೋಜಿನ್ ರ್‍ಯೋರಿ, ಅಂದರೆ ಬೌದ್ಧ ಸನ್ಯಾಸಿಗಳ ಅಡುಗೆ. ಸಾರು ಕಡಲಕಳೆ, ಅಣಬೆಗಳದ್ದು. ಮೀನಿಲ್ಲ, ಮಾಂಸವಿಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ಅಡುಗೆ ಏನೋ ಸರಿ. ಆದರೆ ಸಂಜೆ ಐದೂವರೆ, ಆರಕ್ಕೆಲ್ಲ ಊಟ, ಬೆಳಿಗ್ಗೆ ಆರಕ್ಕೋ ಆರೂವರೆಗೋ ಪ್ರಾರ್ಥನೆ. ಕೆಲವು ಕಡೆ ಬೆಂಕಿ ಹಾಕಿ ಗೋಮಾ ಮಾಡುತ್ತಾರೆ. ಅದು ನಮ್ಮ ಹೋಮವೇ, ಬೌದ್ಧ ಧರ್ಮದ ಜೊತೆ ಸಮುದ್ರ ದಾಟಿ ಹೋದದ್ದು. ಮದುವೆ ವಾರ್ಷಿಕೋತ್ಸವಕ್ಕೆ ಹೋಮದ ಹೊಗೆಯಲ್ಲಿ ಕಣ್ಣೀರು ಹಾಕಲು ಹನ್ನೊಂದು ಗಂಟೆ ವಿಮಾನದಲ್ಲಿ ಕೂರಬೇಕೇ? ಆ ಸೌಭಾಗ್ಯ ಲಿವರ್‌ಮೋರಿನ ಶಿವವಿಷ್ಣು ದೇವಸ್ಥಾನದಲ್ಲಿ ಪಾರ್ಕಿಂಗ್ ಸಮೇತ ಸಿಗುತ್ತದೆ.

ಅತ್ತೆಗೆ ಮಾತ್ರ ಕೋಯಾಸಾನ್ ಪ್ರಾಣವಾಗಿಬಿಟ್ಟಿತು. ಅಲ್ಲಿ ಶಿಂಗೊನ್ ಪಂಥವನ್ನು ನೆಲೆಗೊಳಿಸಿದ ಗುರು ಕೂಕಾಯಿ 835ರಲ್ಲಿ ಸಮಾಧಿ ಸೇರಿದರೂ ತೀರಿಕೊಂಡಿಲ್ಲ, ಇಂದಿಗೂ ಧ್ಯಾನದಲ್ಲಿದ್ದಾರೆ ಎಂಬ ನಂಬಿಕೆ. ಭಿಕ್ಷುಗಳು ದಿನಕ್ಕೆ ಎರಡು ಹೊತ್ತು ಅವರಿಗೆ ಊಟ ಒಯ್ಯುತ್ತಾರೆ. "ಅಯ್ಯೋ, ನಮ್ಮ ರಾಯರೇ ಕಣೇ! ಮಂತ್ರಾಲಯವೇ!" ಎಂದು ಅತ್ತೆ ಎರಡೂ ಕೈ ಜೋಡಿಸಿದರು. ಆ ಗಳಿಗೆಯಿಂದ ಅವರ ಕಣ್ಣಲ್ಲಿ "ನಾನೂ ಬರಲೇ?" ಎಂಬ ಪ್ರಶ್ನೆ ಮೂಡಿದ್ದನ್ನು ನಾನೂ ಕಂಡೆ, ಇವರೂ ಕಂಡರು, ಇಬ್ಬರೂ ಕಾಣದವರಂತೆ ಇದ್ದೆವು. ಇಡೀ ಯೋಜನೆಯಲ್ಲಿ ನಾವಿಬ್ಬರೂ ಮನಸ್ಸು ಒಂದು ಮಾಡಿದ್ದು ಅದೊಂದೇ ಸಲ.

ಕೂಕಾಯಿಯವರ ಸನ್ನಿಧಿಗೆ ಹೋಗುವ ದಾರಿಯ ಎರಡೂ ಬದಿ, ಜಪಾನಿ ಸೀಡರ್ ಮರಗಳ ಕೆಳಗೆ, ಎರಡು ಲಕ್ಷಕ್ಕೂ ಹೆಚ್ಚು ಸಮಾಧಿ. ಕಂಪನಿಗಳೂ ಸ್ಮಾರಕ ಕಟ್ಟಿವೆ. ಗೆದ್ದಲು ನಿವಾರಣೆ ಮಾಡುವವರ ಸಂಘ, ತಾವು ಕೊಂದ ಗೆದ್ದಲುಗಳ ಆತ್ಮಶಾಂತಿಗೆಂದು ಒಂದು ಕಲ್ಲು ನೆಡಿಸಿದೆ. ಕ್ಯಾಲಿಫೋರ್ನಿಯಾದ ಮರದ ಮನೆಗೆ ಹೋದ ವರ್ಷವಷ್ಟೇ ಡೇರೆ ಮುಚ್ಚಿಸಿ ಗೆದ್ದಲಿಗೆ ಹೊಗೆ ಹಾಕಿಸಿ, ಸಾವಿರಾರು ಡಾಲರು ತೆತ್ತ ನನ್ನ ಯಜಮಾನರು ಇದನ್ನು ಓದಿ ಬಹಳ ಹೊತ್ತು ಮಾತಾಡಲಿಲ್ಲ. "ಅಲ್ಲಿಗೆ ಹೋಗೋಣ" ಎಂದರು ಆಮೇಲೆ. ಪ್ರವಾಸದಲ್ಲಿ ಅವರು ತಾವಾಗಿ ಆಸೆಪಟ್ಟ ಮೊದಲ ಜಾಗ ಅದು. ಅದನ್ನೂ ಸೇರಿಸಿದೆವು.

ಇಷ್ಟೆಲ್ಲದರ ನಡುವೆ ದಂಪತಿಗಳಿಗೆಂದು ಏನೂ ಇಲ್ಲವೇ ಎಂದು ನಾನು ಹಟ ಹಿಡಿದೆ. ಇದೆ. ಇಸೆ ಹತ್ತಿರದ ಫುತಾಮಿ ಸಮುದ್ರತೀರದಲ್ಲಿ ಮೇಒತೊ ಇವಾ, ಅಂದರೆ ಗಂಡಹೆಂಡಿರ ಬಂಡೆಗಳು. ದೊಡ್ಡದು ಗಂಡ, ಚಿಕ್ಕದು ಹೆಂಡತಿ, ಎರಡನ್ನೂ ಬಿಗಿದ ಹುಲ್ಲಿನ ಹಗ್ಗ ಒಂದು ಟನ್ನಿಗೂ ಹೆಚ್ಚು ತೂಕ. ಉಪ್ಪುನೀರಿಗೆ ಹಗ್ಗ ಸವೆಯುವುದರಿಂದ ಮೇ, ಸೆಪ್ಟೆಂಬರ್, ಡಿಸೆಂಬರಿನಲ್ಲಿ ಹೊಸದು ಕಟ್ಟುತ್ತಾರೆ. ನಾನು ಭಾವುಕಳಾಗಿ ಓದುತ್ತಿದ್ದರೆ ಇವರು, "ವರ್ಷಕ್ಕೆ ಮೂರು ಸಲ ರಿಪೇರಿ. ನಮ್ಮದು ಇಪ್ಪತ್ತೈದು ವರ್ಷ ಒಂದೇ ದಾರದಲ್ಲಿ ನಡೀತಲ್ಲ" ಎಂದರು. ಅದು ಹೊಗಳಿಕೆಯೋ, ಉಳಿತಾಯದ ಲೆಕ್ಕವೋ, ಇನ್ನೂ ತೀರ್ಮಾನಿಸಿಲ್ಲ.

ಮಗಳು ಕೊನೆಯ ಅಸ್ತ್ರ ಬಿಟ್ಟಳು: ತ್ಸುಮಾಗೋಯಿ. ಗುನ್ಮಾ ಪ್ರಾಂತದ ಈ ಹಳ್ಳಿ ಎಲೆಕೋಸಿಗೆ ಹೆಸರುವಾಸಿ. ಯಮಾತೊ ತಕೆರು ಎಂಬ ರಾಜಕುಮಾರನ ಹಡಗು ಬಿರುಗಾಳಿಗೆ ಸಿಕ್ಕಿದಾಗ ಹೆಂಡತಿ ಸಮುದ್ರಕ್ಕೆ ಹಾರಿ ಅವನನ್ನು ಉಳಿಸಿದಳು, ಅವಳನ್ನು ನೆನೆದು ಅವನು ಹಂಬಲಿಸಿದ ಜಾಗ ಇದು ಎಂಬ ಐತಿಹ್ಯ. ಬಾಯಿಬಿಟ್ಟು ಪ್ರೀತಿ ಹೇಳದ ಜಪಾನಿ ಗಂಡಂದಿರಿಗಾಗಿ 2006ರಲ್ಲಿ ಇಲ್ಲೊಂದು ಕಾರ್ಯಕ್ರಮ ಶುರುವಾಯಿತು. ಗಂಡ ಕೋಸಿನ ಹೊಲದ ನಡುವೆ ನಿಂತು, ಎಲ್ಲರೆದುರು, ಹೆಂಡತಿಯ ಮೇಲಿನ ಪ್ರೀತಿಯನ್ನು ಗಂಟಲು ಹರಿಯುವ ಹಾಗೆ ಕೂಗಿ ಹೇಳಬೇಕು. ಅದೂ ಸೆಪ್ಟೆಂಬರಿನಲ್ಲೇ.

"ಅಪ್ಪ ಕೂಗ್ತಾರೆ" ಎಂದಳು ಮಗಳು. ಧ್ವನಿಯ ಬಗ್ಗೆ ಯಾರಿಗೂ ಸಂಶಯವಿಲ್ಲ. ಇಂಡಿಯಾಕ್ಕೆ ಫೋನ್ ಮಾಡಿದರೆ ಫೋನಿಲ್ಲದೆಯೂ ಅಲ್ಲಿಗೆ ಕೇಳಿಸುತ್ತದೆ. ಪ್ರಶ್ನೆ, ಏನೆಂದು ಕೂಗುವುದು? ಮದುವೆಯಾದಾಗಿನಿಂದ ನನ್ನ ಹೆಸರು ಹಿಡಿದು ಕರೆದವರಲ್ಲ. "ಲೇ", "ಇವಳೇ", "ಎಲ್ಲಿದೀಯೆ" ಇಷ್ಟೇ. ಹಿತ್ತಲಿನ ನಿಂಬೆಗಿಡದ ಪಕ್ಕ ನಿಲ್ಲಿಸಿ ತಾಲೀಮು ಮಾಡಿಸಿದೆವು. ಇವರು ಎದೆ ತುಂಬ ಉಸಿರೆಳೆದುಕೊಂಡು ಕೂಗಿದರು: "ಲೇ! ಗ್ಯಾರೇಜು ಬಾಗಿಲು ಹಾಕಿದ್ಯೇನೇ?" ಬೇಲಿಯಾಚೆಯ ತೆಲುಗು ಅಂಕಲ್ ಓಡಿಹೋಗಿ ತಮ್ಮ ಬಾಗಿಲು ನೋಡಿಕೊಂಡರು.

ಈಗ ಉಳಿದಿರುವುದು ವೀಸಾ. ಅಮೆರಿಕದಲ್ಲೇ ಹುಟ್ಟಿದ ಮಗಳಿಗಾದರೆ ಬೇಡ; ಭಾರತದ ಪಾಸ್‌ಪೋರ್ಟ್ ಹಿಡಿದ ನಮಗೆ ಬೇಕು. ಯಾವ ದಿನ ಎಲ್ಲಿ, ಏನು ಮಾಡುತ್ತೀರಿ ಎಂದು ದಿನವಹಿ ತುಂಬಿ ಕೊಡಬೇಕು. ದೇವಸ್ಥಾನ, ಹೋಮ, ಸಮಾಧಿ, ಗೆದ್ದಲಿನ ಕಲ್ಲು ಎಲ್ಲ ಸರಾಗವಾಗಿ ಬರೆದ ಇವರು ತ್ಸುಮಾಗೋಯಿಯ ಸಾಲಿಗೆ ಬಂದು ಪೆನ್ನು ನಿಲ್ಲಿಸಿದರು. ನಾನು ಕಾಫಿ ಬೆರೆಸುತ್ತ ವಾರೆಗಣ್ಣಲ್ಲಿ ನೋಡುತ್ತಿದ್ದೆ. ಸರ್ಕಾರಿ ಕಾಗದದಲ್ಲಿ ಅಂಥದ್ದನ್ನೆಲ್ಲ ಬರೆಯುವವರಲ್ಲ. "ಕೋಸು ವೀಕ್ಷಣೆ" ಎಂದು ಬರೆದು ಮುಂದಿನ ದಿನಕ್ಕೆ ಹೋದರು.

"ಬರೀ ನೋಡ್ಕೊಂಡು ಬರ್ತೀರಾ?" ಎಂದರು ಅತ್ತೆ, ಹೂಬತ್ತಿ ಹೊಸೆಯುತ್ತ. "ಎರಡು ಹಿಡ್ಕೊಂಡ್ ಬನ್ನಿ. ಇಲ್ಲಿಯವು ಪಲ್ಯಕ್ಕೆ ಆಗೋಲ್ಲ."