ಪದವೀನಿರ್ಣಯಚಂದ್ರಿಕೆ: ಎರಡು ಹೊಳೆ ನಡುವಿನ ತಂದೆತಾಯಂದಿರ ಪ್ರಮಾಣಮೀಮಾಂಸೆ

ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ಘಟಪ್ರಭೆ. ನಡುವೆ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಎಂಬ ನಾಲ್ಕು ಪೀಠಗಳು. ಈ ಪೀಠಗಳಲ್ಲಿ ಮನೆಮನೆಯಲ್ಲೂ ಅಭ್ಯಾಸದಲ್ಲಿದ್ದು, ಇದುವರೆಗೆ ಯಾವ ವಿದ್ವಾಂಸರೂ ಸಂಪಾದಿಸದೆ ಬಿಟ್ಟ ಶಾಸ್ತ್ರವೊಂದಿದೆ. ‘ಹುಡುಗನ್ನ ಏನ್ ಓದಸೂದು?’ ಎಂಬುದು ಅದರ ಮೂಲಪ್ರಶ್ನೆ. ‘ಅಲ್ಲೀತನಕ ಮನ್ಯಾಗ ಏನ್ ಕೆಲಸಕ್ಕ ಹಚ್ಚೂದು?’ ಎಂಬುದು ಉಪಪ್ರಶ್ನೆ. ಕರ್ತೃ ಅಜ್ಞಾತ. ಕಾಲ ಮಾತ್ರ ನಿಶ್ಚಿತ: ಪ್ರತಿವರ್ಷ ಎಸ್ಸೆಸ್ಸೆಲ್ಸಿ ಫಲಿತಾಂಶದ ಸಂಜೆಯಿಂದ ಸಿಇಟಿ ಸೀಟು ಹಂಚಿಕೆಯ ಕೊನೆಯ ಸುತ್ತಿನವರೆಗೆ. ಪಾಠಗಳು ಬಾಯಿಂದ ಬಾಯಿಗೆ ಬಂದವು. ಕಬ್ಬಿನ ಫ್ಯಾಕ್ಟರಿಯ ತೂಕದ ಸಾಲಿನಲ್ಲಿ, ನೂಲಿಗೆ ಗಂಜಿ ಹಾಕುವ ಸೈಜಿಂಗ್ ಘಟಕದ ಮುಂದಿನ ಚಹಾದಂಗಡಿಯಲ್ಲಿ, ಮಹಾಲಿಂಗಪುರದ ಬೆಲ್ಲದ ಪೇಟೆಯಲ್ಲಿ ಕೇಳಿಸಿಕೊಂಡು ಇಲ್ಲಿ ಪರಿಷ್ಕರಿಸಿದೆ.

ಪ್ರಥಮ ಸೂತ್ರ: “ಎಂಬತ್ತು ದಾಟಿದರೆ ಸೈನ್ಸ್; ದಾಟದಿದ್ದರೂ ಸೈನ್ಸ್.” ಜಮಖಂಡಿಯ ಪಾಠದಲ್ಲಿ ‘ದಾಟದಿದ್ದರೆ ಟ್ಯೂಷನ್ ಹಚ್ಚಿ ಸೈನ್ಸ್’ ಎಂದಿದೆ, ಅರ್ಥದಲ್ಲಿ ವ್ಯತ್ಯಾಸವಿಲ್ಲ, ಖರ್ಚಿನಲ್ಲಿ ಮಾತ್ರ ಇದೆ. ಕಾಮರ್ಸ್ ಪ್ರಾಯಶ್ಚಿತ್ತ ಪ್ರಕರಣದಲ್ಲಿ ಒಮ್ಮೆ ಕಾಣಿಸಿಕೊಳ್ಳುತ್ತದೆ. ಆರ್ಟ್ಸ್ ಎಂಬುದರ ಹೆಸರನ್ನು ಮೈಲಿಗೆಯಾದೀತೆಂದು ಯಾವ ಭಾಷ್ಯಕಾರನೂ ಎತ್ತಿಲ್ಲ.

ಇಲ್ಲಿ ಪೂರ್ವಪಕ್ಷಿ ಎದ್ದು ನಿಂತು ಈ ನೆಲದ ಚರಿತ್ರೆಯನ್ನೇ ಎದುರಿಡುತ್ತಾನೆ. ಗುರುದೇವ ರಾನಡೆ 1886ರಲ್ಲಿ ಹುಟ್ಟಿದ್ದು ಜಮಖಂಡಿಯಲ್ಲಿ. ಅಲ್ಲಿಯ ಪರಶುರಾಮಭಾವು ಹೈಸ್ಕೂಲಿನಲ್ಲಿ ಓದಿ 1902ರಲ್ಲಿ ಮೆಟ್ರಿಕ್ ಪಾಸಾಗಿ, ಪುಣೆಗೆ ಹೋಗಿ ತತ್ತ್ವಶಾಸ್ತ್ರ ಹಿಡಿದು, ಮುಂದೆ ಅಲಹಾಬಾದ್ ವಿಶ್ವವಿದ್ಯಾಲಯದ ಕುಲಪತಿಯಾದರು. ಸೈನ್ಸ್ ಎಲ್ಲಿ? ಸಿದ್ಧಾಂತಿಯ ಉತ್ತರ: “ಆವಾಗಿನ ಕಾಲ ಬ್ಯಾರೆ ಇತ್ತ್ರಿ ಸರ.” ಪೂರ್ವಪಕ್ಷಿ ಬಿಡುವುದಿಲ್ಲ. ಸಾವಳಗಿಯಲ್ಲಿ 1912ರಲ್ಲಿ ಹುಟ್ಟಿದ ಬಿ.ಡಿ. ಜತ್ತಿಯವರು ಕಾನೂನು ಓದಿ ಜಮಖಂಡಿಯಲ್ಲಿ ವಕೀಲಿ ಮಾಡಿದವರು. 1958ರಲ್ಲಿ ಮೈಸೂರು ರಾಜ್ಯದ ಮುಖ್ಯಮಂತ್ರಿ, 1977ರಲ್ಲಿ ದೇಶದ ಹಂಗಾಮಿ ರಾಷ್ಟ್ರಪತಿ. ಇದಕ್ಕೆ ಸಿದ್ಧಾಂತಿ ಸ್ವಲ್ಪ ಹೊತ್ತು ಲೆಕ್ಕ ಹಾಕಿ ಹೇಳುವುದು: “ಅರವತ್ತು ದಾಟೂತನಕ ಕಾಯಾಕ ನಮ್ಮ ಕಡೆ ಆಗಂಗಿಲ್ರಿ. ಏಳನೇ ಸೆಮ್‌ಗೆ ಕ್ಯಾಂಪಸ್ ಆಗಬೇಕು.”

ಆದರೆ ಶಾಸ್ತ್ರಕ್ಕೆ ನಿಜವಾದ ಮುಳ್ಳು ರನ್ನ. 949ರಲ್ಲಿ ಮುಧೋಳದಲ್ಲಿ ಹುಟ್ಟಿದವನು. ತನ್ನದು ಬಳೆಗಾರರ ಮನೆತನವೆಂದು ತಾನೇ ಹೇಳಿಕೊಂಡವನು. ಮನೆಯಲ್ಲಿ ನಡೆಯುವ ದಂಧೆಯಿತ್ತು, ಗಿರಾಕಿಗಳಿದ್ದರು. ಬಳೆ ಒಡೆಯದಂತೆ, ಕೈಗೆ ನೋವಾಗದಂತೆ ತೊಡಿಸುವ ವಿದ್ಯೆ ಎಳವೆಯಲ್ಲೇ ಕೈಹತ್ತಿರಬೇಕು. ಅದು ಊಹೆ, ಶಾಸನವಿಲ್ಲ. ಆ ದಂಧೆ ಬಿಟ್ಟು ಹುಡುಗ ದೂರದ ಶ್ರವಣಬೆಳಗೊಳಕ್ಕೆ ಹೋದ, ಅಜಿತಸೇನಾಚಾರ್ಯರಲ್ಲಿ ಓದಿದ. ಯಾವ ವಿಷಯ? ವ್ಯಾಕರಣ, ಕಾವ್ಯ! ಚಾವುಂಡರಾಯ ಕೈಹಿಡಿದ, ಅತ್ತಿಮಬ್ಬೆ ಪುರಾಣ ಬರೆಸಿದಳು, ಚಾಳುಕ್ಯ ತೈಲಪನ ಆಸ್ಥಾನದಲ್ಲಿ ಕವಿಚಕ್ರವರ್ತಿಯಾದ. ಪ್ಲೇಸ್‌ಮೆಂಟ್ ಎಂದರೆ ಅದು. ಹೀಗಿದ್ದೂ ರನ್ನನ ಹೆಸರು ಬಂದರೆ ಎದೆಯುಬ್ಬಿಸುವ ಅದೇ ಮುಧೋಳದ ತಂದೆ, ಮಗಳು ಕನ್ನಡ ಎಂ.ಎ. ಮಾಡುತ್ತೇನೆಂದರೆ ಹಬ್ಬ ಬರುವತನಕ ಮಾತು ಬಿಡುತ್ತಾನೆ. ಪರಿಹಾರವಾಗಿ ಭಾಷ್ಯಕಾರರು ಹೇಳುವುದಿಷ್ಟು: ರನ್ನ ಅಪವಾದ; ಅಪವಾದಕ್ಕೆ ಉತ್ಸವ ಮಾಡಬಹುದು, ಅಡ್ಮಿಷನ್ ಮಾಡಿಸಬಾರದು.

ಇನ್ನು ಪ್ರಮಾಣಗಳು. ಪ್ರತ್ಯಕ್ಷವೆಂದರೆ ದೀಪಾವಳಿಗೆ ಓಣಿಯಲ್ಲಿ ಬಂದು ನಿಲ್ಲುವ ಬೆಂಗಳೂರು ಪಾಸಿಂಗ್ ಕಾರು. ಅದರಿಂದ ಹುಟ್ಟುವುದು ಅನುಮಾನ: ಎಲ್ಲೆಲ್ಲಿ ಕಾರೋ ಅಲ್ಲಲ್ಲಿ ಕಂಪ್ಯೂಟರ್ ಸೈನ್ಸ್. ಕಾರಿನ ಹಿಂದೆ ಬ್ಯಾಂಕಿನ ಕಂತು ಇರಬಹುದೆಂಬ ಹೇತುದೋಷವನ್ನು ಯಾರೂ ಎತ್ತುವುದಿಲ್ಲ, ಯಾಕೆಂದರೆ ಅವರ ಟ್ರ್ಯಾಕ್ಟರಿನ ಹಿಂದೆಯೂ ಅದೇ ಇದೆ. ಶಬ್ದಪ್ರಮಾಣವೆಂದರೆ ಸಾಂಗ್ಲಿಯ ಮಾಮಾನ ಮಾತು. ಮಾಮಾ ಯಾವ ಕಾಲೇಜನ್ನೂ ಒಳಗಿನಿಂದ ಕಂಡವನಲ್ಲ. ಆದರೂ ‘ಮೆಕ್ಯಾನಿಕಲ್‌ಗೆ ಈಗ ಏನಿಲ್ಲ’ ಎಂದು ಆತ ಫೋನಿನಲ್ಲಿ ಹೇಳಿದನೆಂದರೆ ವಿಶ್ವೇಶ್ವರಯ್ಯನವರೇ ಬಂದರೂ ತಿದ್ದಲಾಗದು. ಉಪಮಾನ ಪ್ರತಿ ಮನೆಯಲ್ಲೂ ಊಟದ ಹೊತ್ತಿಗೆ ಪ್ರಯೋಗವಾಗುತ್ತದೆ. ಸಾಮಾನ್ಯವಾಗಿ ಉಪಮಾನವಾಗಿ ನಿಲ್ಲುವವನು ಕಾಕಾನ ಮಗ. ಮುಧೋಳದಲ್ಲಿ ಮಾತ್ರ ಒಂದು ವಿಶೇಷ ಉಪಮಾನವಿದೆ. ತಿಮ್ಮಾಪುರದ ಶ್ವಾನ ಸಂಶೋಧನಾ ಕೇಂದ್ರದಿಂದ ಮರಿಗಳು ಸೈನ್ಯ ಸೇರಿ, ಮೀರತ್‌ನಲ್ಲಿ ತರಬೇತಿ ಪಡೆದ ಮೇಲೆ ಹುಟ್ಟಿದ್ದು ಅದು: “ಊರಿನ ನಾಯಿಗೆ ಮಿಲಿಟರಿ ನೌಕರಿ ಹತ್ತೈತಿ. ನೀ ಇನ್ನೂ ಮೊಬೈಲ್ ಹಿಡ್ಕೊಂಡ್ ಕುಂತಿ.” ಇದಕ್ಕೆ ಪ್ರತಿವಾದ ಮಾಡಿದ ಹುಡುಗ ಇನ್ನೂ ಹುಟ್ಟಿಲ್ಲ.

ಈಗ ಶಾಸ್ತ್ರದ ಅತಿ ಸೂಕ್ಷ್ಮ ಭಾಗವಾದ ಅನುಭವಖಂಡಕ್ಕೆ ಬರುತ್ತೇವೆ.

ಬನಹಟ್ಟಿಯ ನೇಕಾರರ ಮನೆಯ ಹುಡುಗನನ್ನು ನೋಡಿ. ಏಳನೇ ಇಯತ್ತೆಗೆ ಬರುವ ಹೊತ್ತಿಗೆ ಲಾಳಿಯ ಕಂಡಿಕಿಗೆ ನೂಲು ಸುತ್ತಲು ಬರುತ್ತದೆ. ಒಂಬತ್ತನೆಯದಕ್ಕೆ ಕಡಿದ ಎಳೆಯನ್ನು ಕಣ್ಣು ಮುಚ್ಚಿ ಗಂಟು ಹಾಕುತ್ತಾನೆ. ಪಿಯುಸಿಗೆ ಬಂದಾಗ ಪವರ್‌ಲೂಮಿನ ಸಪ್ಪಳ ಕೇಳಿಯೇ ಮೂರನೇ ಮಗ್ಗದ ಲಾಳಿ ಸರಿಯಿಲ್ಲವೆಂದು ಹೇಳಬಲ್ಲ. ಮಾಲಕರು ಕೊಟ್ಟ ಬೀಮು ಎಷ್ಟು, ಸೀರೆ ಇಳಿದವೆಷ್ಟು, ಮಜೂರಿ ಬರಬೇಕಾದದ್ದೆಷ್ಟು, ಬಂದದ್ದೆಷ್ಟು, ಇವೆರಡರ ನಡುವೆ ಅಪ್ಪ ನುಂಗಿಕೊಂಡ ಮಾತೆಷ್ಟು ಎಂಬ ಲೆಕ್ಕವೆಲ್ಲ ಅವನ ತಲೆಯಲ್ಲಿದೆ. ಸರಕಾರಕ್ಕೂ ಇದು ಗೊತ್ತು. ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ತಂದ ತಿದ್ದುಪಡಿ ಹದಿನಾಲ್ಕರೊಳಗಿನ ಮಕ್ಕಳ ದುಡಿಮೆಯನ್ನು ನಿಷೇಧಿಸಿ, ಶಾಲೆ ಬಿಟ್ಟ ಮೇಲೆ ಮತ್ತು ರಜೆಯಲ್ಲಿ, ಅಪಾಯವಿಲ್ಲದ ಮನೆಯ ಉದ್ಯೋಗದಲ್ಲಿ ನೆರವಾಗುವುದನ್ನು ಹೊರಗಿಟ್ಟಿತು. ಕಾಯ್ದೆಯ ಪ್ರಕಾರ ಅದು ದುಡಿಮೆಯಲ್ಲ, ನೆರವು. ಮನೆಯವರ ಪ್ರಕಾರ ಅದೂ ಅಲ್ಲ: “ಸುಮ್ನ ಕೂಡಬಾರ್ದಂತ ಕೈಯಾಡಸ್ತಾನ್ರಿ.”

ಇದೇ ಹುಡುಗ ಎಂಜಿನಿಯರಿಂಗ್ ಸೇರುತ್ತಾನೆ. ಪಠ್ಯಕ್ರಮದಲ್ಲಿ ಇಂಟರ್ನ್‌ಶಿಪ್ ಕಡ್ಡಾಯ. ಅರ್ಜಿಯಲ್ಲಿ ‘ಪೂರ್ವಾನುಭವ’ ಎಂಬ ಅಂಕಣವಿರುತ್ತದೆ. ಅಲ್ಲಿ ಅವನು ಬರೆಯುವುದು: ‘ಇಲ್ಲ’. ಅಪ್ಪನೂ ಹೌದೆನ್ನುತ್ತಾನೆ. ಬಳಿಕ ಊರಿಂದ ಐದುನೂರು ಕಿಲೋಮೀಟರ್ ದೂರದ ಒಂದು ಬಾಡಿಗೆ ಕೋಣೆಯ ಕಂಪನಿಗೆ ದುಡ್ಡು ಕಟ್ಟಿ, ನಾಲ್ಕು ವಾರ ಎಸಿಯಡಿ ಕೂತು, ಹೊಳೆಯುವ ಅಂಟುಚೀಟಿಯ ಪ್ರಮಾಣಪತ್ರ ತರುತ್ತಾನೆ. ಅದು ಅನುಭವ. ಆದ್ದರಿಂದ ದ್ವಿತೀಯ ಸೂತ್ರ: “ಕೂಲಿ ಪಡೆದರೆ ದುಡಿಮೆ, ಕೂಲಿಯಿಲ್ಲದಿದ್ದರೆ ನೆರವು, ಕೈಯಿಂದ ಕೊಟ್ಟರೆ ಅನುಭವ.”

ಈ ಸೂತ್ರಕ್ಕೆ ರಾಜ್ಯದಲ್ಲಿ ಒಂದೇ ಒಂದು ಬಾಧಕವಿದೆ. ಬಿ.ಎಸ್ಸಿ. ಕೃಷಿಗೆ ಕೃಷಿಕರ ಕೋಟಾದಲ್ಲಿ ಸೇರಬಯಸುವವರಿಗೆ ಪ್ರಾಯೋಗಿಕ ಪರೀಕ್ಷೆಯಿದೆ. ಬೀಜ, ಗೊಬ್ಬರ, ಸಲಕರಣೆ ಗುರುತಿಸಿದರೆ ಅಂಕ. ಹೊಲದಲ್ಲಿ ಕಳೆದ ಬಾಲ್ಯಕ್ಕೆ ಅಂಕಪಟ್ಟಿಯಲ್ಲಿ ಜಾಗ ಸಿಕ್ಕ ಅಪೂರ್ವ ಸಂದರ್ಭವಿದು. ಆದರೆ ಎಂಟನೆಯ ಇಯತ್ತೆಯಿಂದಲೇ ವಸತಿ ಶಾಲೆಗೆ ಹಾಕಿ ‘ಹೊಲದ ಕಡೆ ಹಾಯಬ್ಯಾಡ, ಓದ್ಕೋ’ ಎಂದು ಬೆಳೆಸಿದ ರೈತರ ಮಗನಿಗೆ ಸಜ್ಜೆಗೂ ನವಣೆಗೂ ಫರಕು ತಿಳಿಯುವುದಿಲ್ಲ. ಅದಕ್ಕೂ ಕೋಚಿಂಗ್ ಇದೆ. ಅಪ್ಪ ರೊಕ್ಕ ಕಟ್ಟುತ್ತಾನೆ, ಮೇಷ್ಟ್ರು ಪ್ಲಾಸ್ಟಿಕ್ ಚೀಲದಿಂದ ಜೋಳ ತೆಗೆದು ಇದು ಜೋಳ ಎನ್ನುತ್ತಾರೆ.

ತಂದೆಯರನ್ನು ಕಂಡು ನಗುವುದು ಸುಲಭ, ಮತ್ತು ನಾನು ನಗುತ್ತಲೇ ಇದ್ದೇನೆ. ಆದರೂ ಮಗ್ಗದ ಮುಂದೆ ದಿನವೆಲ್ಲ ನಿಂತವನ ಮೊಣಕಾಲು, ಹತ್ತಿ ಧೂಳು ತುಂಬಿದ ಎದೆ, ಹೆಣ್ಣು ನೋಡಲು ಹೋದಲ್ಲಿ ‘ಹೊಲ ಐತಿ ಖರೆ, ಹುಡುಗ ನೌಕರಿ ಏನ್ ಮಾಡ್ತಾನ?’ ಎಂದು ಕೇಳಿಸಿಕೊಂಡು ಬಂದ ಮುಖ, ಇವೂ ಪ್ರಮಾಣಗಳೇ. ಕಬ್ಬಿನ ಬಿಲ್ಲು ಹದಿನಾಲ್ಕು ದಿನದೊಳಗೆ ಕೊಡಬೇಕೆಂದು 1966ರ ಆದೇಶ ಹೇಳುತ್ತದೆ. ಕೊಡದಿದ್ದರೂ ಫ್ಯಾಕ್ಟರಿ ನಡೆಯುತ್ತದೆ. ಕಾಲೇಜಿನ ಫೀ ತಪ್ಪಿದರೆ ಹಾಲ್ ಟಿಕೆಟ್ ನಿಲ್ಲುತ್ತದೆ. ಇಂಥ ಜಗತ್ತಿನಲ್ಲಿ ಮಗನನ್ನು ಕೊಡುವವರ ಸಾಲಿನಿಂದ ತೆಗೆದುಕೊಳ್ಳುವವರ ಸಾಲಿಗೆ ದಾಟಿಸಬೇಕೆನಿಸುವುದು ಮೌಢ್ಯವಲ್ಲ.

ಬೀಳಗಿ ಪೀಠದ ಮೀಮಾಂಸೆ ಬೇರೆ ಥರದ್ದು; ಅಲ್ಲಿ ಪದವಿಯನ್ನು ಮೀಟರಿನಲ್ಲಿ ಅಳೆಯುತ್ತಾರೆ. ಆಲಮಟ್ಟಿ ಅಣೆಕಟ್ಟಿನ ನೀರು 519.60 ಮೀಟರಿಗೆ ನಿಂತರೆ ಉಳಿದ ಹೊಲಕ್ಕೊಬ್ಬ ಬೇಕು, ಕಿರಿಯವನು ಕೃಷಿ ಡಿಪ್ಲೊಮಾ ಮಾಡಲಿ. ಕೃಷ್ಣಾ ನ್ಯಾಯಮಂಡಳಿ 2010ರಲ್ಲಿ ಒಪ್ಪಿದ 524.256ಕ್ಕೆ ಏರಿದರೆ ಅದೂ ಮುಳುಗುತ್ತದೆ, ಕಂಪ್ಯೂಟರ್ ಸೈನ್ಸೇ ಗತಿ. ದಶಾಂಶದ ಮೂರನೇ ಸ್ಥಾನದವರೆಗೆ ಮಗನ ಭವಿಷ್ಯ ಲೆಕ್ಕ ಹಾಕುವ ಪಾಲಕರು ಕೃಷ್ಣೆಯ ಹಿನ್ನೀರಿನ ದಂಡೆಯಲ್ಲಲ್ಲದೆ ಇನ್ನೆಲ್ಲಿ ಸಿಕ್ಕಾರು? ಗೇಟು ಏರುವಷ್ಟರಲ್ಲಿ ಹುಡುಗ ಪಿಯುಸಿ ಮುಗಿಸಿ, ಧಾರವಾಡದ ಕೋಣೆಯಲ್ಲಿ ಎಫ್‌ಡಿಎ ಪರೀಕ್ಷೆಗೆ ಓದುತ್ತಿರುತ್ತಾನೆ. ಎರಡಕ್ಕೂ ಅಧಿಸೂಚನೆ ಬಾಕಿ.

ಶಾಸ್ತ್ರದ ಆಧಾರಶಿಲೆಯಾದ ವಿಶ್ವವಿದ್ಯಾಲಯದ್ದೂ ಅದೇ ಸ್ಥಿತಿ. ಜಮಖಂಡಿಯ ಒಂದೇ ಕಾಲೇಜಿನ ಒಂದೇ ಬೆಂಚಿನ ಮೇಲೆ ಕೂತ ಮೂವರು ಅಣ್ಣತಮ್ಮಂದಿರನ್ನು ಊಹಿಸಿಕೊಳ್ಳಿ. ಹಿರಿಯನ ಅಂಕಪಟ್ಟಿ ಧಾರವಾಡದ್ದು. 2010ರಲ್ಲಿ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಬಂದದ್ದರಿಂದ ನಡುವಿನವನದು ಬೆಳಗಾವಿಯದು. 2023ರಲ್ಲಿ ಜಮಖಂಡಿಯಲ್ಲೇ ಬಾಗಲಕೋಟೆ ವಿಶ್ವವಿದ್ಯಾಲಯ ತೆರೆದದ್ದರಿಂದ ಕಿರಿಯನದು ಮನೆ ಬಾಗಿಲಿನದು. ಕಿರಿಯ ಸಂಭ್ರಮಪಡುವಷ್ಟರಲ್ಲಿ, 2025ರ ಫೆಬ್ರವರಿಯಲ್ಲಿ, ಹೊಸ ವಿಶ್ವವಿದ್ಯಾಲಯಗಳಲ್ಲಿ ಒಂಬತ್ತನ್ನು ಮುಚ್ಚುವ ವಿಚಾರ ಸಂಪುಟ ಉಪಸಮಿತಿಯಿಂದ ಹೊರಬಿತ್ತು. ಪದವಿಯ ಉದ್ದವೂ ಸ್ಥಿರವಲ್ಲ: 2021ರಲ್ಲಿ ನಾಲ್ಕು ವರ್ಷಕ್ಕೆ ಎಳೆದರು, 2024ರಲ್ಲಿ ಮತ್ತೆ ಮೂರಕ್ಕೆ ಕತ್ತರಿಸಿದರು. ಮಗ ಯಾವ ಡಿಗ್ರಿ ಮಾಡಬೇಕೆಂದು ಪಾಲಕರು ತೂಗುತ್ತಿದ್ದ ಅದೇ ಹೊತ್ತಿಗೆ, ಆ ಡಿಗ್ರಿ ಎಷ್ಟು ವರ್ಷದ್ದು, ಕೊಡುವವರು ಇರುತ್ತಾರೋ ಇಲ್ಲವೋ ಎಂದು ವಿಧಾನಸೌಧದಲ್ಲಿ ತೂಗುತ್ತಿದ್ದರು.

ಸ್ತ್ರೀಪ್ರಕರಣ ಚಿಕ್ಕದು, ಚಿಕ್ಕದಾಗಿಟ್ಟವರು ಮನೆಯ ಹಿರಿಯರು. 2021ರಲ್ಲಿ ಶುರುವಾದ ರೈತ ವಿದ್ಯಾನಿಧಿ ವಿದ್ಯಾರ್ಥಿವೇತನದಲ್ಲಿ ಬಿ.ಎ., ಬಿ.ಎಸ್ಸಿ.ಗೆ ಹುಡುಗನಿಗೆ 5,000, ಹುಡುಗಿಗೆ 5,500 ರೂಪಾಯಿ ಎಂದು ಗೊತ್ತುಮಾಡಿದ್ದರು. ಈ ಐನೂರನ್ನು ಹಿರಿಯರು ‘ನಿನಗ ಜಾಸ್ತಿನ ಕೊಡ್ತಾರಲ್ಲ’ ಎಂಬ ವಾದಕ್ಕೆ ಬಳಸುತ್ತಾರೆ. ಮೊದಲು ಹುಡುಗಿಯನ್ನು ದೂರದ ಕಾಲೇಜಿಗೆ ಕಳಿಸದಿರಲು ಬಸ್ಸಿನ ಖರ್ಚು ಕಾರಣವಾಗಿತ್ತು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದು ಟಿಕೆಟ್ಟಿನ ದುಡ್ಡೇ ಹೋಯಿತು. ಈಗಿನ ಪರಿಷ್ಕೃತ ಕಾರಣ: “ಹೊತ್ತಾಗತೈತವ್ವಾ.” ಅವಳು ಸಂಜೆ ಬೇಗ ಮನೆಗೆ ಬಂದು ಮಾಡುವುದು ಕಂಡಿಕಿ ಸುತ್ತುವ ಕೆಲಸ. ಅವಳ ತಾಯಿಯೂ ಅದನ್ನೇ ಮಾಡುತ್ತ ಬಂದವಳು. ಅಡ್ಮಿಷನ್ ಫಾರ್ಮಿನಲ್ಲಿ ತಾಯಿಯ ಉದ್ಯೋಗ ಎಂಬಲ್ಲಿ ‘ಗೃಹಿಣಿ’ ಎಂದು ತುಂಬಿದೆ. ಭಾಷ್ಯಕಾರರು ಇಲ್ಲಿ ಕೆಮ್ಮಿ ಮುಂದಕ್ಕೆ ಹೋಗುತ್ತಾರೆ.

‘ಮಕ್ಕಳ ಇಚ್ಛೆ’ ಎಂಬ ಅಧ್ಯಾಯವನ್ನು ನಾಲ್ಕೂ ಪೀಠಗಳಲ್ಲಿ ಹುಡುಕಿದೆ. ಶೀರ್ಷಿಕೆಯಿದೆ, ಗರಿಗಳು ನಷ್ಟವಾಗಿವೆ. ರಬಕವಿಯ ಪಾಠದ ಅಂಚಿನಲ್ಲಿ ‘ಕೇಳಿದ್ವಿ, ಏನೂ ಅನ್ನಲಿಲ್ಲ’ ಎಂಬ ಟಿಪ್ಪಣಿ ಮಾತ್ರ ಉಳಿದಿದೆ.

ಕೊನೆಗೆ ಒಂದು ಉದಾಹರಣೆ, ವಿವಾದ ಇನ್ನೂ ಬಗೆಹರಿಯದ್ದು. ಮಗ ಹುಬ್ಬಳ್ಳಿಯ ಹಾಸ್ಟೆಲಿನಲ್ಲಿದ್ದಾನೆ. ರಾತ್ರಿ ಅಪ್ಪನ ವಿಡಿಯೋ ಕಾಲ್: “ತಮ್ಮಾ, ಎರಡನೇ ಮಗ್ಗ ನಿಂತೈತಿ, ಲಾಳಿ ನಡುವ ಸಿಕ್ಕೊಳ್ಳಾಕತ್ತೈತಿ. ಏನ್ ಮಾಡ್ಲಿ?” ಮಗ ಫೋನನ್ನು ಮಗ್ಗದ ಹತ್ತಿರ ಹಿಡಿಯಲು ಹೇಳಿ, ಒಂದು ಸಲ ಕೈಯಿಂದ ತಿರುಗಿಸಿ ನೋಡಲು ಹೇಳಿ, ಎಲ್ಲಿ ಬಿಗಿಮಾಡಬೇಕೆಂದು ತೋರಿಸಿಕೊಟ್ಟ. ಇದನ್ನು ಅನುಭವವೆಂದು ಎಣಿಸಬೇಕೋ ಬೇಡವೋ? ಕೂಲಿಯಿಲ್ಲದ್ದರಿಂದ ನೆರವು ಎಂದ ಸಾಂಗ್ಲಿಯ ಮಾಮಾ. ಮನೆಯಿಂದ ದೂರದಲ್ಲಿದ್ದುಕೊಂಡು ಮಾಡಿದ್ದರಿಂದ ಆಗಬಹುದೇನೋ ಎಂದ ಕಾಕಾ. ಕಾಲೇಜಿನಲ್ಲಿ ಕೇಳಿಬರಬೇಕು, ಸರ್ಟಿಫಿಕೇಟ್ ಯಾರ ಲೆಟರ್‌ಹೆಡ್ಡಿನಲ್ಲಿ ಎಂದು ಅಪ್ಪ ಬಾಯಿ ತೆರೆಯುವಷ್ಟರಲ್ಲಿ ಅವ್ವ ಸ್ವಿಚ್ ಹಾಕಿದಳು. ಮಗ್ಗ ಶುರುವಾಯಿತು, ಅದರ ಸಪ್ಪಳದಲ್ಲಿ ಮುಂದಿನ ವಾದ ಯಾರಿಗೂ ಕೇಳಿಸಲಿಲ್ಲ.