ಪಕ್ಷದೊಳಗೆ ಚಿಂತಕರಾಗಿ ಬಾಳುವ ಕ್ರಮ: ಭಟ್ಕಳ, ಹೊನ್ನಾವರ, ಕುಮಟಾದವರಿಗೆ

ಚಿಂತನೆಯೂ ಬೇಕು, ಕುರ್ಚಿಯೂ ಬೇಕು ಎನ್ನುವವರು ಈ ಕ್ರಮವನ್ನು ಚಾಚೂ ತಪ್ಪದೆ ಪಾಲಿಸಿ. ಮಾದರಿಗೆ ಹಂಗೇರಿಯ ಕಮ್ಯುನಿಸ್ಟ್ ತತ್ವಜ್ಞಾನಿ ಜಾರ್ಜ್ ಲುಕಾಚ್ ಅವರನ್ನು ಮುಂದಿಟ್ಟುಕೊಳ್ಳಿ. ನಮ್ಮ ಜಿಲ್ಲೆಯಲ್ಲೂ ಉದಾಹರಣೆಗಳಿವೆ. ಏನು ಮಾಡಬಾರದು ಎಂಬುದನ್ನು ಅವುಗಳಿಂದ ಕಲಿಯಿರಿ.

1. ಒಳ್ಳೆಯ ಮನೆ ನೋಡಿ ಹುಟ್ಟಿ. ಲುಕಾಚ್ 1885ರಲ್ಲಿ ಬುಡಾಪೆಸ್ಟಿನ ಶ್ರೀಮಂತ ಬ್ಯಾಂಕರ್ ಒಬ್ಬರ ಮನೆಯಲ್ಲಿ ಹುಟ್ಟಿದರು. ಬಂಡವಾಳವನ್ನು ಬೈಯಲು ಬೇಕಾದ ಓದನ್ನೆಲ್ಲ ಬಂಡವಾಳವೇ ಕೊಡಿಸಿತು. ಹೊನ್ನಾವರದ ಕಡೆ ಬ್ಯಾಂಕ್ ಒದಗದಿದ್ದರೆ ಅಡಿಕೆ ತೋಟವೂ ನಡೆಯುತ್ತದೆ. ಶೋಷಣೆಯ ವಿರುದ್ಧದ ಭಾಷಣವನ್ನು ಅಡಿಕೆ ಮಾರಿ ಹಣ ಕೈಗೆ ಬಂದ ಮೇಲೆ ಇಟ್ಟುಕೊಳ್ಳಿ. ಕೊನೆ ಕೊಯ್ದವನ ಕೂಲಿ ಬಾಕಿಯಿದ್ದರೆ, ಇತಿಹಾಸದಲ್ಲಿ ಎಲ್ಲದಕ್ಕೂ ಕಾಲ ಕೂಡಿ ಬರಬೇಕು ಎಂದು ಅವನಿಗೆ ತಿಳಿಸಿ ಹೇಳಿ.

2. ಯಾರಿಗೂ ತಿಳಿಯದಂತೆ ಬರೆಯಿರಿ. ಕರ್ತೃ ಮೊದಲ ಪುಟದಲ್ಲಿರಲಿ, ಕ್ರಿಯಾಪದ ಮೂರನೆಯ ಪುಟದಲ್ಲಿ ಸಿಗಲಿ. ಗದ್ದೆಯ ಹಾಲಕ್ಕಿ ಒಕ್ಕಲಿಗರೊಬ್ಬರು ಓದಿಸಿ ಕೇಳಿ ‘ಹೌದು ಮಾರಾಯ್ರೆ’ ಎಂದರೆ ಕೂಡಲೇ ಲೇಖನ ವಾಪಸು ಪಡೆದು ತಿದ್ದಿ. ಅಂಕೋಲೆಯ ದಿನಕರ ದೇಸಾಯಿಯವರು ಎಡವಿದ್ದು ಇಲ್ಲೇ. ರೈತರನ್ನು ಸಂಘಟಿಸಿದರು, ಅದಕ್ಕಾಗಿ ಬ್ರಿಟಿಷ್ ಸರ್ಕಾರದಿಂದ ಜಿಲ್ಲೆಯಾಚೆ ಗಡೀಪಾರಾದರು, ಮುಂಬಯಿಯಲ್ಲಿ ಹಡಗಿನ ಕೆಲಸಗಾರರ ಸಂಘಕ್ಕೆ ದುಡಿದರು. ಇಷ್ಟು ಸಾಮಗ್ರಿ ಇದ್ದೂ ಅವರು ಬರೆದದ್ದು ನಾಲ್ಕು ಸಾಲಿನ ಚುಟುಕ. ಶಾಲೆಯ ಮಕ್ಕಳೂ ಬಾಯಿಪಾಠ ಮಾಡಿಬಿಟ್ಟರು. ಸಾಲದ್ದಕ್ಕೆ 1953ರಲ್ಲಿ ಕೆನರಾ ವೆಲ್ಫೇರ್ ಟ್ರಸ್ಟ್ ಕಟ್ಟಿ ಊರೂರಿಗೆ ಶಾಲೆ ತೆರೆದರು. ಓದು ಕಲಿತವರು ಪ್ರಶ್ನೆ ಕೇಳುತ್ತಾರೆ ಎಂಬ ಸಾಮಾನ್ಯ ಎಚ್ಚರವೂ ಅವರಿಗೆ ಇರಲಿಲ್ಲ. 1967ರಲ್ಲಿ ಅವರು ಪಕ್ಷೇತರರಾಗಿ ನಿಂತೇ ಲೋಕಸಭೆಗೆ ಗೆದ್ದರಲ್ಲ ಎಂದು ಯಾರಾದರೂ ನೆನಪಿಸಿದರೆ ‘ಆ ಕಾಲವೇ ಬೇರೆ’ ಎನ್ನಿ, ಚಹಾ ತರಿಸಿ.

3. ನೀತಿಯನ್ನು ಬೇಗ ಬರೆದು ಮುಗಿಸಿ. 1918ರ ಡಿಸೆಂಬರಿನಲ್ಲಿ ಲುಕಾಚ್ ಒಂದು ಪ್ರಬಂಧದಲ್ಲಿ, ಕೆಡುಕಿನ ದಾರಿಯಿಂದ ಒಳಿತನ್ನು ತಲುಪಬಹುದೇ ಎಂದು ಬಹಳ ಗಂಭೀರವಾಗಿ ಸಂಶಯಪಟ್ಟರು. ಅದೇ ತಿಂಗಳು ಪಕ್ಷ ಸೇರಿದರು. ಮರುವರ್ಷ 133 ದಿನ ಬಾಳಿದ ಹಂಗೇರಿಯ ಸೋವಿಯತ್ ಗಣರಾಜ್ಯದಲ್ಲಿ ಶಿಕ್ಷಣ, ಸಂಸ್ಕೃತಿಯ ಖಾತೆ ನೋಡಿಕೊಂಡರು. ಕೆಂಪು ಸೇನೆಯ ಕಮಿಸಾರರಾಗಿ ರಣರಂಗಕ್ಕೂ ಹೋಗಿ, ಅಲ್ಲಿ ಎಂಟು ಮಂದಿಗೆ ಗುಂಡಿಕ್ಕಿಸಿದರು. ಕ್ರಮ ಗಮನಿಸಿ: ಮೊದಲು ಸಂಶಯ, ಆಮೇಲೆ ಸದಸ್ಯತ್ವ, ಆಮೇಲೆ ಗುಂಡು. ಸಂಶಯವನ್ನು ಕೊನೆಗೆ ಇಟ್ಟುಕೊಂಡವರು ಖಾತೆ ಕಳೆದುಕೊಳ್ಳುತ್ತಾರೆ.

4. ತಪ್ಪೊಪ್ಪಿಗೆಯನ್ನು ಮುಂಚಿತವಾಗಿ ಬರೆದಿಡಿ. ಇದೇ ಈ ವಿದ್ಯೆಯ ತಿರುಳು. ಲುಕಾಚ್ 1923ರಲ್ಲಿ ‘ಇತಿಹಾಸ ಮತ್ತು ವರ್ಗಪ್ರಜ್ಞೆ’ ಪ್ರಕಟಿಸಿದರು. ಮರುವರ್ಷ ಮಾಸ್ಕೋದ ಅಂತರರಾಷ್ಟ್ರೀಯ ಕಮ್ಯುನಿಸ್ಟ್ ಅಧಿವೇಶನದಲ್ಲಿ ಸೋವಿಯತ್ ನಾಯಕ ಜಿನೋವಿಯೆವ್ ಅದನ್ನು ಖಂಡಿಸಿದರು. 1928ರಲ್ಲಿ ಲುಕಾಚ್ ಪಕ್ಷಕ್ಕೆ ಹೊಸ ದಾರಿ ಸೂಚಿಸಿದರು. ಪಕ್ಷ ಗದರಿದ ಮೇಲೆ ಆ ದಾರಿ ತಪ್ಪೆಂದು ಬರೆದುಕೊಟ್ಟರು. 1949ರಲ್ಲಿ ಮತ್ತೆ ವಿಚಾರಣೆ, ಮತ್ತೆ ಒಪ್ಪಿಗೆ. ವಯಸ್ಸಾದ ಮೇಲೆ, 1928ರಲ್ಲಿ ನಾನು ಹೇಳಿದ್ದೇ ಸರಿಯಿತ್ತು, ಫ್ಯಾಸಿಸಂ ವಿರುದ್ಧದ ಹೋರಾಟದಿಂದ ಹೊರಬೀಳಬಾರದೆಂದು ಒಪ್ಪಿಕೊಂಡೆ ಎಂದರು. ನೀವೂ ಪತ್ರದಲ್ಲಿ ಎರಡು ಜಾಗ ಖಾಲಿ ಬಿಡಿ: ಒಂದು ತಾರೀಕಿಗೆ, ಇನ್ನೊಂದು ತಪ್ಪಿಗೆ. ಸಹಿ ಮಾತ್ರ ಈಗಲೇ ಹಾಕಿಡಿ.

ರೂಢಿಗಾಗಿ ಒಂದು ದಿನ ಭಟ್ಕಳದಲ್ಲಿ ಟೆಂಪೋ ಹತ್ತಿ. ಹತ್ತುವ ಮುಂಚೆ ಅಲ್ಲಿಯ ಸಭೆಯಲ್ಲಿ ಸೌಹಾರ್ದದ ಬಗ್ಗೆ ಮಾತಾಡಿ. ಯಾರು ಕೆಡಿಸಿದರು ಎಂಬ ಪ್ರಶ್ನೆ ಬಂದರೆ ಊಟದ ಹೊತ್ತಾಯಿತೆಂದು ಏಳಿ. ಕಾಸರಕೋಡ ಟೊಂಕಾದಲ್ಲಿ ಇಳಿದು, ಖಾಸಗಿ ಬಂದರು ಬೇಡವೆನ್ನುವ ಮೀನುಗಾರರ ಪಕ್ಕ ಕೂತು ಘೋಷಣೆ ಕೂಗಿ. ಶರಾವತಿ ಸೇತುವೆ ದಾಟುವಷ್ಟರಲ್ಲಿ, ಯಕ್ಷಗಾನದ ಚೌಕಿಯಲ್ಲಿ ವೇಷ ಕಳಚುವ ಕಲಾವಿದರಂತೆ, ಘೋಷಣೆಯನ್ನು ಕಳಚಿಡಿ. ಹೊನ್ನಾವರ ಪೇಟೆಯಲ್ಲಿ ಬಂದರಿಲ್ಲದೆ ಅಭಿವೃದ್ಧಿಯಿಲ್ಲ ಎನ್ನಿ. ಕುಮಟಾ ತಲುಪಿ ಸುದ್ದಿಗೋಷ್ಠಿ ಕರೆಯಿರಿ. ಎರಡು ಮಾತೂ ನಿಮ್ಮದೇ ಅಲ್ಲವೇ ಎಂದು ವರದಿಗಾರ ಕೇಳಿದರೆ, ವಿರೋಧಾಭಾಸವೇ ಚರಿತ್ರೆಯ ಚಾಲಕಶಕ್ತಿ ಎಂದು ಉತ್ತರಿಸಿ. ಇಲ್ಲಿ ಎರಡನೆಯ ಸೂಚನೆಯ ಭಾಷೆ ನೆರವಿಗೆ ಬರುತ್ತದೆ.

5. ಕುಮಟಾದಿಂದ ಗೋಕರ್ಣದ ಕಡೆ ತಿರುಗಬೇಡಿ. ಅಲ್ಲಿ ಗೌರೀಶ ಕಾಯ್ಕಿಣಿ ಎಂಬುವರಿದ್ದರು. ಬಂಕಿಕೊಡ್ಲದ ಹೈಸ್ಕೂಲಿನ ಮಾಸ್ತರರು. ಕ್ಷೇತ್ರದಲ್ಲಿ ಮನೆ, ತಲೆಯಲ್ಲಿ ಎಂ.ಎನ್. ರಾಯ್. ಆ ರಾಯ್ ಅವರೋ 1920ರಲ್ಲಿ ತಾಷ್ಕೆಂಟಿನಲ್ಲಿ ಭಾರತದ ಕಮ್ಯುನಿಸ್ಟ್ ಪಕ್ಷ ಕಟ್ಟಲು ಮುಂದಾದವರು, 1929ರಲ್ಲಿ ಅಂತರರಾಷ್ಟ್ರೀಯ ಕಮ್ಯುನಿಸ್ಟ್ ಸಂಘಟನೆಯಿಂದ ಹೊರಬಿದ್ದವರು. ಆಮೇಲೆ ಸ್ವಂತ ಪಕ್ಷ ಕಟ್ಟಿ, ಮನುಷ್ಯನಿಗೆ ಪಕ್ಷವೇ ತೊಡಕು ಎಂದು 1948ರಲ್ಲಿ ಅದನ್ನೂ ವಿಸರ್ಜಿಸಿದರು. ಇಂಥ ಗುರುವಿನಿಂದ ಏನು ಸಿಕ್ಕೀತು? ಕಾಯ್ಕಿಣಿಯವರಿಗೆ ಖಾತೆ ಸಿಗಲಿಲ್ಲ, ಕೆಂಪು ದೀಪದ ಕಾರು ಸಿಗಲಿಲ್ಲ. ಓದಿದರು, ಕಲಿಸಿದರು, ಅನಿಸಿದ್ದನ್ನು ಬರೆದರು. ಬರೆದದ್ದು ತಪ್ಪೆಂದು ಬರೆದುಕೊಡಿ ಎಂದು ಕೇಳುವ ಸಮಿತಿಯೇ ಅವರಿಗೆ ಇರಲಿಲ್ಲ. ಸಮಿತಿಯಿಲ್ಲದ ಚಿಂತಕರಿಗೆ ಶಿಸ್ತು ಎಲ್ಲಿಂದ ಬರಬೇಕು?

6. ಹೊರಹಾಕಿದರೂ ಬಾಗಿಲ ಬಳಿಯೇ ಇರಿ. 1956ರ ಹಂಗೇರಿಯ ಬಂಡಾಯದಲ್ಲಿ ಲುಕಾಚ್ ಮತ್ತೆ ಮಂತ್ರಿಯಾದರು. ಸೋವಿಯತ್ ಟ್ಯಾಂಕುಗಳು ಬಂದ ಮೇಲೆ ಅವರನ್ನು ರೊಮೇನಿಯಕ್ಕೆ ಸಾಗಿಸಲಾಯಿತು. ಮರುವರ್ಷ ಮನೆಗೆ ಮರಳಿದರು, ಆದರೆ ಪಕ್ಷದೊಳಗೆ ಜಾಗವಿರಲಿಲ್ಲ. 1967ರಲ್ಲಿ, ಎಂಬತ್ತು ದಾಟಿದ ಮೇಲೆ, ಪಕ್ಷ ಅವರನ್ನು ಮರಳಿ ಸೇರಿಸಿಕೊಂಡಿತು. 1971ರಲ್ಲಿ ಸದಸ್ಯರಾಗಿಯೇ ತೀರಿಕೊಂಡರು. ನಿಮ್ಮ ಸರದಿ ಬಂದಾಗ ಅರ್ಜಿಯನ್ನು ಚೊಕ್ಕ ಅಕ್ಷರದಲ್ಲಿ ತುಂಬಿ. ಹಿಂದೆ ಸದಸ್ಯರಾಗಿದ್ದಿರಾ ಎಂಬಲ್ಲಿ ‘ಹೌದು’ ಎನ್ನಿ. ಪಕ್ಷ ಬಿಟ್ಟ ಕಾರಣ ಎಂಬಲ್ಲಿ ‘ಯೋಚನೆ’ ಎಂದು ಬರೆದರೆ ಅರ್ಜಿ ತಿರಸ್ಕೃತವಾಗುತ್ತದೆ. ‘ಅನಾರೋಗ್ಯ’ ಎಂದು ಬರೆಯಿರಿ, ಈಗ ಪೂರ್ತಿ ವಾಸಿಯಾಗಿದೆ ಎಂದೂ ಸೇರಿಸಿ.